ಗಿರಿಜೆಯ ಸೈಕಲ್ಲಿಗೆ ಎರಡು ಟೈರು

ಒಂದು ಜೊತೆ ಸೈಕಲ್ ಟೈರು ಕೊಳ್ಳಲು ನನಗೆ ಮೂವತ್ತೆಂಟು ದಿನ ಹಿಡಿಯಿತು. ಆ ಸೈಕಲ್ಲನ್ನು ಓಡಿಸುವವಳನ್ನು ನೋಡಿ, ಅವರ ಮನೆಯ ಕೇಸರಿಬಾತು ತಿಂದು, ಮದುವೆಗೆ ಒಪ್ಪಿಗೆ ಹೇಳಲು ಹಿಡಿದದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಈ ಹೋಲಿಕೆ ನನಗೆ ಹೊಳೆದದ್ದಲ್ಲ. ಗಿರಿಜೆಯೇ ಒಂದು ದಿನ ಅನ್ನ ಬಡಿಸುತ್ತಾ ಹೇಳಿದಳು. ಮೂಡಿಗೆರೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ ಹೆಂಗಸು ಅವಳು. ಇಂಥ ಲೆಕ್ಕಗಳನ್ನು ಎಲ್ಲಿ, ಯಾವಾಗ ಹಾಕಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತು. ನಾನು ಸಾರು ಹಾಕಿಸಿಕೊಂಡೆ.

ಆದರೆ ನನ್ನ ಕಡೆಗೂ ಸ್ವಲ್ಪ ನ್ಯಾಯವಿದೆ. ಹೆಣ್ಣು ನೋಡಲು ಹೋದಾಗ ನನಗೆ ಇಪ್ಪತ್ತಾರು ವರ್ಷ, ಹೆದರಿಕೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಈಗ ಐವತ್ತೈದು. ಮನೆಗೆ ಬೀಗ ಹಾಕಿ ಗೇಟಿನವರೆಗೆ ಬಂದು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸು ಹೋಗುವವನು ನಾನು. ಬಸ್ಸಿನಲ್ಲಿ ಕೂತರೆ ಡ್ರೈವರ್ ಆಕಳಿಸಿದನೇ ಎಂದು ಅವನ ಕನ್ನಡಿಯನ್ನೇ ನೋಡುತ್ತಿರುತ್ತೇನೆ. ಫೋನ್ ಬಂದರೆ ಜನ 'ಹಲೋ' ಎನ್ನುತ್ತಾರೆ, ನಾನು 'ಏನಾಯ್ತು?' ಎನ್ನುತ್ತೇನೆ. ಪುಕ್ಕಲ ಎಂದು ನೀವು ನಗಬಹುದು. ನಗಿ, ಬೇಸರವಿಲ್ಲ. ಆದರೆ ಪುಕ್ಕಲರ ಮನೆಯಲ್ಲಿ ಗ್ಯಾಸ್ ಸೋರಿದ್ದನ್ನು ನೀವು ಕೇಳಿರಲಾರಿರಿ.

ಗಿರಿಜೆ ಸೈಕಲ್ ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ, ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಹಂಚಿದ ಸೈಕಲ್ಲಿನ ಮೇಲೆ. ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಅವಳ ವಿದ್ಯಾರ್ಥಿನಿಯರು ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಹಿಂದೆ ಓಡುತ್ತಿದ್ದರಂತೆ. 'ಟೀಚರ್, ಮುಂದೆ ನೋಡಿ, ಚಕ್ರ ನೋಡಬೇಡಿ' ಎಂದು ಗದರುತ್ತಿದ್ದರಂತೆ. ವರ್ಷವಿಡೀ ಬೈಸಿಕೊಂಡವರಿಗೆ ಬೈಯುವ ಅವಕಾಶ ಸಿಕ್ಕಿದರೆ ಯಾರು ಬಿಡುತ್ತಾರೆ? ನನಗೆ ಇದೆಲ್ಲ ತಿಳಿದದ್ದು ಅವಳು ಪೂರ್ತಿ ಕಲಿತ ಮೇಲೆ. ಮೊದಲೇ ತಿಳಿದಿದ್ದರೆ ಏನಾದರೂ ಕಾರಣ ಹುಡುಕಿ ತಪ್ಪಿಸುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಚಿಕ್ಕಮಗಳೂರಿನಲ್ಲಿ ಯಾರೋ ಪ್ಲಾಂಟರು ಎರಡು ತಿಂಗಳು ಓಡಿಸಿ ಗೋಡೆಗೆ ಒರಗಿಸಿದ್ದ ದೂರ ಪ್ರಯಾಣದ ಸೈಕಲ್ಲೊಂದನ್ನು ಅವಳೇ ವಿಚಾರಿಸಿ ಕೊಂಡು ತಂದಳು. ಹಿಂದೆ ಎರಡು ಬದಿಗೆ ಬ್ಯಾಗು ತಗುಲಿಸುವ ಕಂಬಿ, ಬಾಗಿದ ಹ್ಯಾಂಡಲ್ಲು, ನನ್ನ ಕೈಬೆರಳಿಗಿಂತ ಹೆಚ್ಚು ಗೇರುಗಳು.

ಹೋದ ವರ್ಷ ಆಗಸ್ಟಿನ ಕೊನೆಯಲ್ಲಿ ಅವಳು ಹೇಳಿದಳು: "ದಸರಾ ರಜೆಗೆ ಕಳಸಕ್ಕೆ, ಅಕ್ಕನ ಮನೆಗೆ ಹೋಗ್ತೀನಿ."

"ಹೋಗು. ಬಸ್ಸಿಗೆ ಹತ್ತಿಸಿ ಬರ್ತೀನಿ."

"ಬಸ್ಸಲ್ಲ ರೀ. ಸೈಕಲ್ಲಲ್ಲಿ."

ಮೂಡಿಗೆರೆಯಿಂದ ಕಳಸಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರು. ಕೊಟ್ಟಿಗೆಹಾರದವರೆಗೆ ಹೆದ್ದಾರಿ, ಲಾರಿಗಳು. ಅಲ್ಲಿಂದ ಬಲಕ್ಕೆ ಹೊರಳಿದರೆ ತೋಟದ ನಡುವಿನ ರಸ್ತೆ, ತಿರುವಿನ ಮೇಲೆ ತಿರುವು. ಮೇಲೆ ಸಿಲ್ವರ್ ಓಕು, ಬಸರಿ, ಅತ್ತಿಯ ನೆರಳು. ಆ ನೆರಳಿನಲ್ಲಿ ರಸ್ತೆಯ ಅಂಚು ದಸರಾ ಕಳೆದರೂ ಪಾಚಿ ಬಿಡುವುದಿಲ್ಲ. ಆ ತಿರುವುಗಳಲ್ಲಿ ಬಸ್ಸು ಬರುವಾಗ ಹಾರ್ನು ಮೊದಲು ಬರುತ್ತದೆ, ಬಸ್ಸು ಆಮೇಲೆ. ಅಲ್ಲಿ ನನ್ನ ಹೆಂಡತಿ ಒಬ್ಬಳೇ, ಎರಡು ಚಕ್ರದ ಮೇಲೆ.

ಹೋಗಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಹೋಗು ಎನ್ನುವ ಧೈರ್ಯವೂ ಇರಲಿಲ್ಲ. ಆಗ ಸೈಕಲ್ಲಿನ ಹಳೆಯ ಟೈರುಗಳು ಕಣ್ಣಿಗೆ ಬಿದ್ದವು. ಬದಿಯ ರಬ್ಬರು ಬಿರುಕು ಬಿಟ್ಟಿತ್ತು, ನಡುವಿನ ಗೆರೆಗಳು ಸವೆದಿದ್ದವು. "ಟೈರು ನಾನು ತರ್ತೀನಿ" ಎಂದೆ. ಅವಳು ಕೂಡಲೇ ಒಪ್ಪಿದಳು. ನಮ್ಮ ಮನೆಯಲ್ಲಿ ಪದಾರ್ಥ ಕೊಳ್ಳುವುದು ನನ್ನ ಖಾತೆ. ಅದರಲ್ಲಿ ನನಗೆ ಹೆಸರಿದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಆ ಹೆಸರು ಬಂದದ್ದು ಹೇಗೆಂದು ಇಲ್ಲಿ ಸ್ವಲ್ಪ ಹೇಳಬೇಕು. ಮುಂದೆ ಆದ ಅನಾಹುತಕ್ಕೆ ಅದೇ ಮೂಲ. ಬಣಕಲ್ಲಿನಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡು ನನ್ನದೊಂದು ಕಾಫಿ ಮಳಿಗೆ ಇದೆ. ಸುತ್ತಿನ ಸಣ್ಣ ಬೆಳೆಗಾರರು ಹಣ್ಣು ಸುಲಿದು, ತೊಳೆದು, ಕಣದಲ್ಲಿ ಒಣಗಿಸಿದ ಕಾಫಿಯನ್ನು, ಎಂದರೆ ಪಾರ್ಚ್‌ಮೆಂಟನ್ನು, ಮೂಟೆಯಲ್ಲಿ ತಂದು ಇಳಿಸುತ್ತಾರೆ. ಚೆನ್ನಾಗಿ ಒಣಗಿದೆಯೇ ಇಲ್ಲವೇ ಎಂಬುದರ ಮೇಲೆ ವ್ಯಾಪಾರವೆಲ್ಲ ನಿಂತಿರುತ್ತದೆ. ನಾನು ಮೂಟೆಗೆ ಕೈ ಹಾಕಿ ನಾಲ್ಕು ಕಾಳು ತೆಗೆಯುತ್ತೇನೆ. ಮೇಲಿನ ಹೊಟ್ಟು ಬಿಡಿಸಿ ಬೀಜವನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ. ಉಗುರು ಇಳಿದರೆ ಹಸಿ. ಆಮೇಲೆ ಹಲ್ಲಿಗಿಟ್ಟು ಕಡಿಯುತ್ತೇನೆ. ಮೆತ್ತಗೆ ಸಿಕ್ಕರೆ ಮೂಟೆ ವಾಪಸು ಕಣಕ್ಕೆ, ಕಲ್ಲಿನಂತೆ ಎದುರು ನಿಂತರೆ ತಕ್ಕಡಿಗೆ. ತೇವ ಅಳೆಯುವ ಮೀಟರು ಬಂದು ಎಷ್ಟೋ ಕಾಲವಾಯಿತು, ನನ್ನ ಹತ್ತಿರವೂ ಒಂದಿದೆ. ಆದರೆ ಮೀಟರು ಹೇಳಿದ್ದನ್ನು ಹೆಬ್ಬೆರಳು ಒಪ್ಪುವವರೆಗೆ ನನಗೆ ಸಮಾಧಾನವಿಲ್ಲ. ಹೀಗೆ ಮೂವತ್ತು ಸುಗ್ಗಿ ಕಳೆದ ಮೇಲೆ, ಗಟ್ಟಿ ಎಂದರೆ ಒಳ್ಳೆಯದು, ಮೆತ್ತಗೆ ಎಂದರೆ ಮೋಸ ಎಂಬುದು ನನ್ನ ಮೈಯಲ್ಲೇ ಕೂತುಬಿಟ್ಟಿದೆ. ಸೌತೆಕಾಯಿ, ಹಾಸಿಗೆ, ಮನುಷ್ಯರು, ಎಲ್ಲವನ್ನೂ ನಾನು ಹೀಗೇ ಆರಿಸುವುದು.

ಟೈರಿನ ಲೋಕ ಇಷ್ಟು ದೊಡ್ಡದೆಂದು ಆ ಮೂವತ್ತೆಂಟು ದಿನಕ್ಕೆ ಮೊದಲು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮಳಿಗೆಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಫೋನು ಹಿಡಿದು ಕೂತೆ. ಒಬ್ಬ ಅಗಲ ಟೈರೇ ಸುಖ ಎನ್ನುತ್ತಾನೆ, ಇನ್ನೊಬ್ಬ ಅಗಲವಾದರೆ ಏರಿನಲ್ಲಿ ಜೀವ ಹೋಗುತ್ತದೆ ಎನ್ನುತ್ತಾನೆ. ಒಬ್ಬನಿಗೆ ಒಳಗೆ ಮುಳ್ಳು ತಡೆಯುವ ಪಟ್ಟಿ ಬೇಕೇ ಬೇಕು, ಇನ್ನೊಬ್ಬನಿಗೆ ಆ ಪಟ್ಟಿಯಿಂದ ಟೈರು ಮರದ ಹಲಗೆಯಾಗುತ್ತದೆ. ಇಪ್ಪತ್ತೆಂಟು, ಮೂವತ್ತೆರಡು, ಮೂವತ್ತೆಂಟು, ನಲವತ್ತೆರಡು ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಜನ ಜಗಳವಾಡುತ್ತಾರೆ. ಸುಖ, ಹಿಡಿತ, ಬೆಲೆ, ಈ ಮೂರರಲ್ಲಿ ಎರಡು ಕೂಡಿದರೆ ಮೂರನೆಯದು ಎದ್ದು ಹೋಗುತ್ತದೆ. ನಮ್ಮ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತದ್ದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಹೀಗೆ ಓದುವಾಗ ಒಂದು ಕಡೆ, ಗಾಳಿ ತುಂಬಿದ ಟೈರು ಬಳಕೆಗೆ ಬಂದ ಕತೆ ಸಿಕ್ಕಿತು. ದೂರದ ಐರ್ಲೆಂಡಿನಲ್ಲಿ ಒಬ್ಬ ದನದ ಡಾಕ್ಟರಿದ್ದನಂತೆ. ಅವನ ಪುಟ್ಟ ಮಗ ಮೂರು ಚಕ್ರದ ಗಾಡಿಯಲ್ಲಿ ಕಲ್ಲು ಹಾಸಿದ ಬೀದಿಯ ಮೇಲೆ ಗಡಗಡ ಅಲ್ಲಾಡುತ್ತಾ ಹೋಗುವುದನ್ನು ನೋಡಲಾರದೆ, ಚಕ್ರಕ್ಕೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿದನಂತೆ. ಓದಿ ನನಗೆ ಕಣ್ಣು ತುಂಬಿ ಬಂತು. ಜಗತ್ತಿನ ಟೈರುಗಳೆಲ್ಲ ಒಬ್ಬ ಅಪ್ಪನ ಚಿಂತೆಯಿಂದ ಹುಟ್ಟಿದವು. ಅಂದ ಮೇಲೆ ನನ್ನ ಚಿಂತೆಗೂ ಒಂದು ಮಾನವಿದೆ! ಸಂಜೆ ಗಿರಿಜೆಗೆ ಹೇಳಿದೆ. "ಆದ್ರೆ ಆ ಡಾಕ್ಟ್ರು ಮಗನ ಗಾಡಿ ಹಿಂದೆ ಓಡ್ಲಿಲ್ಲ ಅಲ್ವಾ?" ಎಂದಳು.

ಚಿಕ್ಕಮಗಳೂರಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಶಿವಣ್ಣನವರ ಸೈಕಲ್ ಅಂಗಡಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲದಿಂದ ಅವರು ಅಲ್ಲೇ ಇದ್ದಾರೆ. ಈಗ ರಜೆಯ ದಿನ ಸೈಕಲ್ಲಿನಲ್ಲಿ ಅತ್ತಿಗುಂಡಿಯ ಬೆಟ್ಟದ ಏರು ಹತ್ತುವವರೆಲ್ಲ ಅವರ ಗಿರಾಕಿಗಳು. ನಾನು ಮೊದಲ ಸಲ ಹೋದಾಗ ಗೋಡೆಗೆ ನೇತುಹಾಕಿದ್ದ ಬಟನ್ ಟೈರೊಂದನ್ನು ತೋರಿಸಿ ಅದೇ ಬೇಕೆಂದೆ. ಹೆಬ್ಬೆರಳಿನಷ್ಟು ದಪ್ಪ ಗುಬುಟುಗಳಿದ್ದ ಭಾರಿ ಟೈರು. ನಮ್ಮ ಕಡೆ ಜೀಪು ಕೆಸರಿನಿಂದ ಎದ್ದು ಬರುವುದು ಅಂಥ ಟೈರಿನಿಂದಲೇ.

ಶಿವಣ್ಣನವರು ಅದನ್ನು ಇಳಿಸಲೇ ಇಲ್ಲ. "ಕೆಸರಲ್ಲಿ ಹೋಗ್ತೀರಾ, ಟಾರ್ ರಸ್ತೇಲಿ ಹೋಗ್ತೀರಾ?"

"ಟಾರು."

"ಮತ್ತೆ ಇದೆಂತಕ್ಕೆ ಮಾರಾಯ್ರೆ? ಟಾರಿನ ಮೇಲೆ ಈ ಬಟನ್ನುಗಳ ತುದಿ ಮಾತ್ರ ತಾಗೋದು. ತಿರುವಲ್ಲಿ ಬಗ್ತಾವೆ, ಜಾರ್ತಾವೆ. ರಸ್ತೆ ಹಿಡಿಯೋದು ರಬ್ಬರು, ಬಟನ್ನಲ್ಲ. ಓಡಿಸೋರು ಯಾರು, ನೀವಾ?"

"ನಮ್ಮನೆಯವಳು."

"ಹೌದಾ! ಅಮ್ಮೋರ ತೂಕ ಎಷ್ಟು?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸುಮಾರು, ಎಂದು ಕೈಯಲ್ಲಿ ಏನೋ ಆಕಾರ ತೋರಿಸಿದೆ; ಅದು ಮೂಟೆಯ ಆಕಾರಕ್ಕೆ ಹತ್ತಿರವಾಯಿತೆಂದು ತಿಳಿದು ಕೈ ಇಳಿಸಿದೆ. ಬ್ಯಾಗಿನ ಭಾರ ಎಷ್ಟು? ಗೊತ್ತಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡೇ ಇರುತ್ತಾರಾ, ಬಿಟ್ಟು ಬಿಟ್ಟು ಹಿಡಿಯುತ್ತಾರಾ? ಗೊತ್ತಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿಯುತ್ತಾರಾ, ಕೂತೇ ತುಳಿಯುತ್ತಾರಾ? ಕಾಫಿಯ ಒಂದು ಕಾಳು ನೋಡಿ ಅದು ಯಾವ ತೋಟದ ಯಾವ ಮೂಲೆಯದೆಂದು ಹೇಳುವ ನಾನು, ಇಪ್ಪತ್ತೆಂಟು ವರ್ಷ ಜೊತೆಗಿದ್ದ ಹೆಂಡತಿಯ ಬಗ್ಗೆ ಕೇಳಿದ ನಾಲ್ಕು ಪ್ರಶ್ನೆಗೆ ಫೇಲಾಗಿ ನಿಂತೆ. ಕೊನೆಗೆ ಅವಳಿಗೇ ಫೋನು ಮಾಡಿದೆ. ಅವಳು ಶಾಲೆಯ ಸ್ಟಾಫ್ ರೂಮಿನಲ್ಲಿದ್ದಳು.

"ಅರವತ್ತೆರಡು ಕೆ.ಜಿ. ಬ್ಯಾಗು ಎರಡೂ ಸೇರಿ ಎಂಟು. ತಿರುವಿಗೆ ಮುಂಚೆ ಬ್ರೇಕ್ ಹಿಡೀತೀನಿ, ತಿರುವಲ್ಲಿ ಬಿಟ್ಟಿರ್ತೀನಿ. ಫೋನು ಅವರಿಗೆ ಕೊಡಿ."

ಆಮೇಲೆ ಅವರಿಬ್ಬರೂ ಹತ್ತು ನಿಮಿಷ ಮಾತಾಡಿದರು. ನಾನು ಬೆಲ್ಲುಗಳನ್ನು ಒಂದೊಂದಾಗಿ ಬಾರಿಸುತ್ತಾ ನಿಂತಿದ್ದೆ. ಫೋನು ವಾಪಸು ಕೊಡುವಾಗ ಶಿವಣ್ಣನವರು, "ಅಮ್ಮೋರಿಗೆ ವಿಷಯ ಗೊತ್ತು" ಎಂದರು. ನಿಮಗೆ ಗೊತ್ತಿಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ದೊಡ್ಡ ಮನುಷ್ಯರು.

ಅಲ್ಲಿಗೆ ವ್ಯವಹಾರ ಮುಗಿಯಬೇಕಿತ್ತು. ಆದರೆ ಪುಕ್ಕಲನ ವ್ಯಾಪಾರ ಅಷ್ಟು ಬೇಗ ಮುಗಿಯುತ್ತದೆಯೇ? ನಾನು ಇನ್ನೂ ಎರಡು ಸಲ ಹೋದೆ. ಒಂದು ಸಲ ಕಡಿಮೆ ಬೆಲೆಯದು ನೋಡಿ ಇದ್ಯಾಕೆ ಕಡಿಮೆ ಎಂದು ಹೆದರಿದೆ, ಇನ್ನೊಂದು ಸಲ ಹೆಚ್ಚು ಬೆಲೆಯದು ನೋಡಿ ಅದೇಕೆ ಹೆಚ್ಚು ಎಂದು ಅನುಮಾನಿಸಿದೆ. ನಡುವೆ ಒಂದು ಭಾನುವಾರ ಗಿರಿಜೆ ಬಣಕಲ್ಲಿನ ಕಡೆ ಹೊರಟಾಗ, ಅವಳು ಬ್ರೇಕು ಹಿಡಿಯುವುದನ್ನು ಕಣ್ಣಾರೆ ನೋಡಲು ಸ್ಕೂಟರಿನಲ್ಲಿ ಹಿಂದೆ ಹೋದೆ. ಅವಳು ತಿರುವಿಗೆ ಮುಂಚೆ ವೇಗ ಇಳಿಸಿ, ತಿರುವಿನ ಕಡೆಯ ಮೊಣಕಾಲು ಚೂರು ಹೊರಗೆ ಚಾಚಿ, ಮೈ ಬಾಗಿಸಿ, ಸಲೀಸಾಗಿ ಹೊರಟುಹೋಗುತ್ತಿದ್ದಳು. ಹಿಂದೆ ಬಂದ ಲಾರಿಗೆ ಕಂಡಕ್ಟರನ ಹಾಗೆ ಕೈ ಬೀಸಿ ದಾರಿ ಕೊಡುತ್ತಿದ್ದಳು. ನೋಡುತ್ತಾ ನನಗೆ ಹೆಮ್ಮೆಯಾಯಿತು ಎಂದು ಹೇಳಿದರೆ ಅರ್ಧ ಸತ್ಯ. ಇವಳು ಯಾರೋ ಬೇರೆ ಹೆಂಗಸು ಎನಿಸಿ ಸ್ವಲ್ಪ ಗಾಬರಿಯೂ ಆಯಿತು. ಎರಡು ಕಿಲೋಮೀಟರ್ ಆದ ಮೇಲೆ ಅವಳು ನಿಲ್ಲಿಸಿ, "ರೀ, ನೀವು ಹಿಂದೆ ಬಂದ್ರೆ ನಾನು ರಸ್ತೆ ನೋಡೋ ಬದಲು ನಿಮ್ಮ ಸ್ಕೂಟರ್ ಸದ್ದು ಕೇಳ್ತಾ ಇರ್ತೀನಿ. ಮನೆಗೆ ಹೋಗಿ" ಎಂದಳು. ಹೋದೆ.

ಅಂತೂ ಮೂವತ್ತೆಂಟನೇ ದಿನ ಟೈರು ಬಂತು. ಮೂವತ್ತೆಂಟು ಮಿಲಿಮೀಟರಿನದು, ದಿನಕ್ಕೊಂದು ಮಿಲಿಮೀಟರಿನಂತೆ ನಾನು ದುಡಿದಿದ್ದೆ. ಬಟನ್ನಿಲ್ಲ, ಸಣ್ಣ ಗೆರೆಗಳು, ಮೆದು ರಬ್ಬರು, ಒಳಗೆ ತೆಳುವಾದ ಮುಳ್ಳುಪಟ್ಟಿ, ಬೆಲೆ ನಡುವಿನದು. ಶಿವಣ್ಣನವರು ಸೈಕಲ್ಲಿಗೆ ಹಾಕಿಕೊಟ್ಟು, ಮುಂದಿನದಕ್ಕೆ ನಲವತ್ತೈದು ಪೌಂಡು, ಹಿಂದಿನದಕ್ಕೆ ಐವತ್ತು, ಅದಕ್ಕಿಂತ ಹೆಚ್ಚು ಗಾಳಿ ಬೇಡ ಎಂದು ಗಿರಿಜೆಗೆ ಹೇಳಿದರು. ಅವಳು ಆ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದು ಸೈಕಲ್ ನಿಲ್ಲಿಸುವ ಜಾಗದ ಗೋಡೆಗೆ ಅಂಟಿಸಿದಳು. ಹೊರಡುವ ಹಿಂದಿನ ಸಂಜೆ ಮೀಟರಿರುವ ಪಂಪಿನಿಂದ ಗಾಳಿ ಹೊಡೆದು, ಎರಡೆರಡು ಸಲ ನೋಡಿ, ಕೈ ತೊಳೆದುಕೊಂಡಳು.

ಬೆಳಿಗ್ಗೆ ಆರೂವರೆಗೆ ಅವಳು ಒಳಗೆ ಶೂ ಕಟ್ಟಿಕೊಳ್ಳುತ್ತಿದ್ದಳು. ನಾನು ಹೊರಗೆ ಸೈಕಲ್ಲಿನ ಹತ್ತಿರ ನಿಂತಿದ್ದೆ. ಕೈ ಸುಮ್ಮನಿರಲಿಲ್ಲ. ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದೆ. ಅದು ಒಳಗೆ ಹೋಯಿತು.

ಆ ಗಳಿಗೆಯಲ್ಲಿ ನನಗೇನಾಯಿತು ಎಂದು ಬಣಕಲ್ಲಿನ ಯಾವ ಕಾಫಿ ವ್ಯಾಪಾರಿಯನ್ನು ಕೇಳಿದರೂ ಹೇಳುತ್ತಾನೆ. ಮೆತ್ತಗಿದೆ! ಹಸಿಯಿದೆ! ಇದರ ಮೇಲೆ ನನ್ನ ಹೆಂಡತಿ ಕಳಸಕ್ಕೆ ಹೋಗುತ್ತಾಳೆ! ಗೋಡೆಯ ಚೀಟಿ ಕಣ್ಣೆದುರಿಗೇ ಇತ್ತು. ಅದು ಮೀಟರಿನ ಮಾತು. ಟೈರಿನ ಬದಿಯಲ್ಲಿ ಎಪ್ಪತ್ತೈದರವರೆಗೆ ಹೊಡೆಯಬಹುದೆಂದು ಅಚ್ಚೊತ್ತಿತ್ತು. ತಯಾರಿಸಿದವರೇ ಎಪ್ಪತ್ತೈದು ಎಂದಿರುವಾಗ ಐವತ್ತಕ್ಕೆ ನಿಲ್ಲಿಸುವುದು ಯಾವ ಬುದ್ಧಿ? ಪಂಪು ತಗುಲಿಸಿ ಹೊಡೆದೆ. ಹೆಬ್ಬೆರಳು ಹಿಂದಕ್ಕೆ ಚಿಮ್ಮುವವರೆಗೆ ಹೊಡೆದೆ. ಹಿಂದಿನದು, ಮುಂದಿನದು, ಎರಡೂ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದಳು, ಅದಕ್ಕೇ ಹೇಳಲಿಲ್ಲ. ಇದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ಅವಳು ಗೇಟು ದಾಟಿ ತಿರುಗಿ ನೋಡಿ ಕೈ ಬೀಸಿದಾಗ, ಮೂವತ್ತೆಂಟು ದಿನದಲ್ಲಿ ಮೊದಲ ಸಲ ನನ್ನ ಮನಸ್ಸಿಗೆ ನೆಮ್ಮದಿ ಅನಿಸಿತು. ಒಳಗೆ ಹೋಗಿ ಎರಡನೇ ಲೋಟ ಕಾಫಿ ಮಾಡಿಕೊಂಡು ಕುಡಿದೆ.

ಒಂಬತ್ತು ಗಂಟೆಗೆ ಮಳಿಗೆಗೆ ಹೊರಡುವಾಗ ಶಿವಣ್ಣನವರ ಫೋನು ಬಂತು. "ಏನಾಯ್ತು?" ಎಂದೆ.

"ಎಂತದೂ ಆಗಿಲ್ಲ ಮಾರಾಯ್ರೆ. ಅಮ್ಮೋರು ಹೊರಟ್ರಾ ಅಂತ ಕೇಳೋಣಂತ ಮಾಡಿದೆ."

"ಹೊರಟ್ರು, ಹೊರಟ್ರು. ನೀವೇನೂ ಯೋಚನೆ ಮಾಡ್ಬೇಡಿ. ಟೈರು ಸ್ವಲ್ಪ ಮೆತ್ತಗಿತ್ತು, ನಾನೇ ಗಾಳಿ ಹೊಡೆದು ಕಲ್ಲು ಮಾಡಿ ಕಳಿಸಿದ್ದೀನಿ."

ಲೈನ್ ಕಟ್ಟಾಯಿತೇ ಎಂದು ಫೋನು ನೋಡಿದೆ.

"ಅಯ್ಯೋ," ಎಂದರು ಶಿವಣ್ಣನವರು. "ನಾನು ಹೇಳಿದ್ದೆಂತ, ನೀವು ಮಾಡಿದ್ದೆಂತ? ಕಲ್ಲಾದ ಟೈರು ರಸ್ತೆಗೆ ಎಷ್ಟು ತಾಗ್ತದೆ? ಚೂರೇ ಚೂರು. ಪ್ರತಿ ಜಲ್ಲಿಗೂ ಎಗರ್ತದೆ. ಆ ಬಾಳೂರು ಕಡೆ ನೆರಳು, ಒದ್ದೆ, ಪಾಚಿ. ಅಲ್ಲಿ ಟೈರು ಸ್ವಲ್ಪ ಒತ್ತಿಕೊಂಡು ರಸ್ತೆ ಹಿಡೀಲಿ ಅಂತಲೇ ಕಡಿಮೆ ಇಟ್ಟಿದ್ದು. ಅಮ್ಮೋರಿಗೆ ಫೋನ್ ಮಾಡಿ, ಬೇಗ!"

ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಒಬ್ಬಳು ಸಮಾಧಾನವಾಗಿ ಹೇಳಿದಳು. ಮತ್ತೆ ಮಾಡಿದೆ, ಮತ್ತೆ ಅಷ್ಟೇ ಸಮಾಧಾನವಾಗಿ ಹೇಳಿದಳು. ಗ್ಯಾಸು ಆಫ್ ಆಗಿದೆಯೇ ಎಂದು ನೋಡದೆ, ಮನೆಗೆ ಬೀಗ ಕೂಡ ಹಾಕದೆ ಸ್ಕೂಟರ್ ಹತ್ತಿದೆ.

ಇಷ್ಟು ವರ್ಷ ಹೆದರಿದ್ದೇನಲ್ಲ, ಅದೆಲ್ಲ ಹೆದರಿಕೆಯೇ ಅಲ್ಲವೆಂದು ಆ ದಾರಿಯಲ್ಲಿ ತಿಳಿಯಿತು. ಅಲ್ಲಿಯವರೆಗೆ ನಾನು ಹೆದರಿದ್ದು ಲಾರಿಗೆ, ಮಳೆಗೆ, ಕರೆಂಟಿನ ತಂತಿಗೆ, ಬೇರೆಯವರ ಅಜಾಗರೂಕತೆಗೆ. ಈಗ ಹೆದರಬೇಕಾಗಿದ್ದದ್ದು ನಾನು ಮಾಡಿದ್ದಕ್ಕೆ. ಬಣಕಲ್ಲು ದಾಟಿದ್ದು ಗೊತ್ತಾಗಲಿಲ್ಲ. ಕೊಟ್ಟಿಗೆಹಾರದಲ್ಲಿ ಹೋಟೆಲಿನವನು, "ಟೀಚರ್ ಆಗ್ಲೇ ಹೋದ್ರಲ್ಲ, ಮೂರು ನೀರುದೋಸೆ ತಿಂದು" ಎಂದ. ಸೈಕಲ್ ಹೇಗಿತ್ತು ಎಂದು ಕೇಳಿದೆ. "ಸೈಕಲ್ಲು ಸೈಕಲ್ ಥರಾನೇ ಇತ್ತು" ಎಂದ. ಬಲಕ್ಕೆ ಹೊರಳಿದೆ. ಬಿಸಿಲು ಮಾಯವಾಯಿತು. ನೆರಳಿನಲ್ಲಿ ರಸ್ತೆ ಕಪ್ಪಗೆ, ಒದ್ದೆಯಾಗಿ, ಅಂಚಿನಲ್ಲಿ ಹಸಿರಾಗಿ ಮಲಗಿತ್ತು. ನನ್ನ ಸ್ಕೂಟರಿನ ಹಿಂದಿನ ಚಕ್ರವೇ ಒಂದು ಕಡೆ ಸರ್ರೆಂದಿತು.

ಬಾಳೂರಿಗೆ ಮುಂಚೆ ಒಂದು ತಿರುವಿನಲ್ಲಿ ಏಳೆಂಟು ಜನ ಗುಂಪಾಗಿ ನಿಂತು ರಸ್ತೆಯ ಬದಿಗೆ, ಕೆಳಗೆ ನೋಡುತ್ತಿದ್ದರು. ಒಂದು ಜೀಪು ಅಡ್ಡ ನಿಂತಿತ್ತು. ನಾನು ಸ್ಕೂಟರ್ ನಿಲ್ಲಿಸಿ ಅದರ ಮೇಲೇ ಕೂತೆ. ಕೇಳುವವರೆಗೆ ಏನೂ ಆಗಿಲ್ಲ, ಕೇಳಿದ ಮೇಲೆ ಆಗಿಬಿಡುತ್ತದೆ ಎಂದು ಯೋಚಿಸಿದ್ದು ನೆನಪಿದೆ. ಕೊನೆಗೆ ಗುಂಪಿನಲ್ಲಿದ್ದವನೊಬ್ಬ ತಾನೇ ತಿರುಗಿ, "ಕಾಟಿ ಬಂದದೆ ತೋಟಕ್ಕೆ, ಎಂತ ದೊಡ್ಡದು ಗೊತ್ತುಂಟಾ, ಬನ್ನಿ ನೋಡಿ" ಎಂದ. ಕಾಫಿ ಗಿಡಗಳ ನಡುವೆ ಒಂದು ಕಾಡುಕೋಣ ನಿಂತು ನಮ್ಮನ್ನೆಲ್ಲ ನೋಡುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಅದನ್ನು ಕಂಡು ಮೂಡಿಗೆರೆಯವರೆಗೆ ಓಡುತ್ತಿದ್ದೆ. ಆ ದಿನ ಅದಕ್ಕೆ ಕೈ ಮುಗಿಯಬೇಕೆನಿಸಿತು.

ಬಾಳೂರು ದಾಟಿ ಸ್ವಲ್ಪ ದೂರದಲ್ಲಿ ಒಂದು ಬಸ್ ತಂಗುದಾಣ. ಅದರ ಕಲ್ಲುಬೆಂಚಿನ ಮೇಲೆ ಗಿರಿಜೆ ಕೂತು ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದಳು. ಸೈಕಲ್ಲು ಕಂಬಕ್ಕೆ ಒರಗಿತ್ತು. ನಾನು ಹತ್ತಿರ ಹೋದಾಗ ಅವಳ ಬಲಗೈಯ ತೋಳು ಮೊಣಕೈಯವರೆಗೆ ಕೆಸರಾಗಿದ್ದದ್ದು ಕಂಡಿತು. ಕೆಸರಿನ ನಡುವೆ ಚರ್ಮ ತರಚಿ ಕೆಂಪಗಾಗಿತ್ತು.

"ಬಿದ್ಯಾ?"

"ಬಿದ್ದೆ. ಬಸ್ಸು ಬಂತು, ಅಂಚಿಗೆ ಇಳಿಸಿದೆ, ಹಿಂದಿನ ಚಕ್ರ ಹೋಯ್ತು. ನಿಧಾನ ಇದ್ದೆ, ಹಾಗಾಗಿ ಮೊಣಕೈಗೆ ಮುಗೀತು." ಅವಳು ಲೋಟ ಕೆಳಗಿಟ್ಟಳು. "ಆಮೇಲೆ ಒತ್ತಿ ನೋಡಿ ಎರಡೂ ಟೈರಿಂದ ಗಾಳಿ ಬಿಟ್ಟೆ. ನಿನ್ನೆ ಸಂಜೆ ಐವತ್ತು ಇತ್ತು ರೀ. ತಾನಾಗಿ ಕಡಿಮೆ ಆಗೋ ಗಾಳಿ ನೋಡಿದ್ದೀನಿ. ತಾನಾಗಿ ಜಾಸ್ತಿ ಆಗೋ ಗಾಳಿ ನೋಡಿಲ್ಲ."

ಮೂವತ್ತೆಂಟು ದಿನ ನಾನು ಯಾವುದನ್ನು ತಪ್ಪಿಸಲು ಒದ್ದಾಡಿದೆನೋ ಅದನ್ನು ಹತ್ತು ನಿಮಿಷದಲ್ಲಿ ನನ್ನ ಕೈಯಾರೆ ಮಾಡಿ ಕಳಿಸಿದ್ದೆ. ಕರವಸ್ತ್ರ ಒದ್ದೆ ಮಾಡಿ ಅವಳ ಮೊಣಕೈ ಒರೆಸಲು ಹೋದೆ. ಅವಳು ಕರವಸ್ತ್ರ ತೆಗೆದುಕೊಂಡು ತಾನೇ ಒರೆಸಿಕೊಂಡಳು.

"ಇವತ್ತು ನನಗೆ ಏನಾದ್ರೂ ಆಗಿದ್ರೆ, ಅದು ಟೈರಿಂದ ಆಗ್ತಿರ್ಲಿಲ್ಲ," ಎಂದಳು. ದನಿ ಏರಿಸಲಿಲ್ಲ. "ನಿಮ್ಮ ಹೆದರಿಕೆಯಿಂದ ಆಗ್ತಿತ್ತು."

ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ನಮ್ಮಿಬ್ಬರನ್ನೂ, ಸೈಕಲ್ಲನ್ನೂ, ಸ್ಕೂಟರನ್ನೂ ನೋಡಿ, ಇವರು ಹತ್ತುವ ಪೈಕಿ ಅಲ್ಲವೆಂದು ತೀರ್ಮಾನಿಸಿ ಸೀಟಿ ಊದಿದ. ಬಸ್ಸಿನ ಸದ್ದು ತಿರುವಿನಾಚೆ ಅಡಗಿತು.

"ನಿಂಗೆ ಹೆದರಿಕೆ ಆಗಲ್ವಾ ಗಿರಿಜಾ?" ಎಂದು ಕೇಳಿದೆ. ಇದು ಬೈಗುಳಕ್ಕೆ ಉತ್ತರವಾಗಿ ಬಂದ ಮಾತಲ್ಲ. ನನಗೆ ನಿಜವಾಗಿ ತಿಳಿಯಬೇಕಿತ್ತು.

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. "ಆಗ್ದೆ ಏನು? ಪ್ರತಿ ಇಳಿಜಾರಲ್ಲೂ ಆಗುತ್ತೆ. ಹಾರ್ನ್ ಕೇಳಿದ್ರೆ ಬೆರಳು ತಾನಾಗೇ ಬ್ರೇಕಿಗೆ ಹೋಗುತ್ತೆ. ಬೆಳಿಗ್ಗೆ ಶೂ ಕಟ್ಟುವಾಗ ಒಂದು ಸಲ, ಬೇಡ, ಬಸ್ಸಿಗೇ ಹೋಗೋಣ ಅನಿಸ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನನ್ನ ಹೆದರಿಕೆಗೂ ಸೇರಿಸಿ ಹೆದರ್ತಿದ್ರಿ. ಆಮೇಲೆ ನನಗೆ ಉಳೀತಿದ್ದದ್ದು ಬಸ್ಸೊಂದೇ."

ಆ ಬೆಂಚಿನ ಮೇಲೆ ಕೂತು ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? ನಮ್ಮ ಮನೆಯಲ್ಲಿ ಹೆದರುವ ಕೆಲಸ ನನ್ನೊಬ್ಬನದು, ಉಳಿದವರಿಗೆ ಆ ಜವಾಬ್ದಾರಿ ಇಲ್ಲ ಎಂದೇ ನಾನು ತಿಳಿದಿದ್ದೆ. ಅವಳ ಪಾಲನ್ನೂ ನಾನೇ ಹೊತ್ತಿದ್ದೇನೆ ಎಂಬ ಒಂದು ಬಿಗುಮಾನ ಕೂಡ ಇತ್ತು. ಅವಳು ತನ್ನದನ್ನು ಸದ್ದಿಲ್ಲದೆ ಹೊತ್ತು, ಅದರ ಜೊತೆಯಲ್ಲೇ ಏರು ಹತ್ತಿ, ಇಳಿಜಾರು ಇಳಿದು, ಹಿಂದೆ ಬರುವ ಲಾರಿಗೆ ಕೈ ಬೀಸಿ ದಾರಿ ಕೊಡುತ್ತಿದ್ದಳು. ನನ್ನ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ, ಅಷ್ಟೇ.

ಅವಳು ಎದ್ದು ಫ್ಲಾಸ್ಕನ್ನು ಬ್ಯಾಗಿಗೆ ಹಾಕಿದಳು. ಸ್ಕೂಟರಿನ ಹಿಂದೆ ಕೂರು, ಸೈಕಲ್ಲನ್ನು ಯಾವುದಾದರೂ ಪಿಕಪ್ಪಿನಲ್ಲಿ ಹಾಕಿಸೋಣ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿದೆ. ಹಿಂದೆ ಹಿಂದೆ ಬರಲೇ ಎಂದು ಕೇಳುವ ಆಸೆಯೂ ಇತ್ತು. ಅದನ್ನೂ ನುಂಗಿದೆ. ನನ್ನ ಗಂಟಲಿಗೆ ಅಷ್ಟು ಕೆಲಸ ಹಿಂದೆಂದೂ ಬಿದ್ದಿರಲಿಲ್ಲ. "ತಲುಪಿದ ಮೇಲೆ ಒಂದು ಫೋನು ಮಾಡು" ಎಂದೆ. ಅವಳು ತಲೆಯಾಡಿಸಿ ಸೈಕಲ್ ಹತ್ತಿದಳು. ತಿರುವಿಗೆ ಮುಂಚೆ ವೇಗ ಇಳಿಸಿದಳು, ಮೊಣಕಾಲು ಚೂರು ಹೊರಗೆ ಚಾಚಿದಳು, ಹೋದಳು. ನಾನು ಸ್ಕೂಟರನ್ನು ಮೂಡಿಗೆರೆಯ ಕಡೆಗೆ ತಿರುಗಿಸಿದೆ.

ಮನೆಗೆ ಹೋಗಿ ಬೀಗ ಹಾಕಿ ಬಂದ ಮೇಲೆ, ಆ ದಿನ ಮಳಿಗೆಯಲ್ಲಿ ನಾನು ಏನು ಮಾಡಿದೆ ಎಂದು ಕೇಳಬೇಡಿ. ಗಡಿಯಾರ ನೋಡಿದೆ. ಎರಡು ಗಂಟೆಗೆ ಅವಳ ಅಕ್ಕನ ಮನೆಯ ನಂಬರಿನಿಂದ ಫೋನು ಬಂತು. ನನ್ನ ಬಾಯಿಗೆ ಆಗಲೇ ಬಂದಿದ್ದ 'ಏನಾಯ್ತು' ಎಂಬುದನ್ನು ತಡೆದು, "ಹಲೋ" ಎಂದೆ.

"ತಲುಪಿದೆ. ಊಟ ಆಯ್ತು. ಟೈರು ಚೆನ್ನಾಗಿದಾವೆ ರೀ, ಒಳ್ಳೇದೇ ಆರಿಸಿದ್ದೀರಿ."

ಬೇರೆ ದಿನವಾಗಿದ್ದರೆ ಆ ಹೊಗಳಿಕೆಯನ್ನು ಹಿಡಿದುಕೊಂಡು ಅರ್ಧ ಗಂಟೆ ಮಾತಾಡುತ್ತಿದ್ದೆ. ಆ ದಿನ ಅದು ಬೇಕಾಗಿರಲಿಲ್ಲ.

"ಆಮೇಲೆ ಎಲ್ಲಾದ್ರೂ ಹೆದರಿಕೆ ಆಯ್ತಾ?" ಎಂದು ಕೇಳಿದೆ.

"ಎರಡು ಕಡೆ," ಎಂದಳು.

"ಎಲ್ಲೆಲ್ಲಿ?"

ಅವಳು ಮೊದಲನೆಯದರಿಂದ ಶುರುಮಾಡಿದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಅವರಿಗೆ ಕೂರಲು ಕೈ ತೋರಿಸಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ನನ್ನದನ್ನು ಬದಿಗಿಟ್ಟು, ಅವಳ ಹೆದರಿಕೆಯನ್ನು ಕೊನೆಯವರೆಗೆ ಕೇಳಿದೆ.